ಹಸಿದ ಕೌದಿ

ಒಂದಾನೊಂದು ಊರು. ಹೆಸರು ಕೇಳಬ್ಯಾಡ್ರಿ, ದಂಡು ಬಂದು ಊರನ್ನೂ ಸುಟ್ಟಿತು, ಹೆಸರನ್ನೂ ಸುಟ್ಟಿತು. ಆ ಊರಾಗ ಬಾಳವ್ವ ಅಂತ ಹಳೆ ಅರಿವಿ ತುಂಡು ಕೂಡಿಸಿ ಹೊದಿಯೋ ಕೌದಿ ಹೊಲಿಯೋ ಮುದುಕಿ ಇದ್ಳಂತ. ಕೆಂಪು ನಿಶಾನಿ ಹಾರಿಸೋ ರಾಜನಿಗೂ ಹಸರು ನಿಶಾನಿ ಹಾರಿಸೋ ರಾಜನಿಗೂ ಯುದ್ಧ. ಯಾಕ ಅಂತೀರಿ? ರಾಜರಿಗೆ ಹೊಲ ಹರಗೋದೈತೇನು, ರೊಟ್ಟಿ ಬಡಿಯೋದೈತೇನು? ಹೊತ್ತು ಹೋಗಬೇಕಲ್ಲ!

ಬಾಳವ್ವಗ ಇದ್ದಾಕಿ ಒಬ್ಬಾಕೇ ಮಗಳು, ನಿಂಬೆವ್ವ. ಹೊಳಿ ಆಚೆ ಗಂಡನ ಮನ್ಯಾಗ ದಿನ ತುಂಬಿದ ಬಸುರಿ. ಹೋದ ವರ್ಷ ದಂಡಿಗೆ ಹೆದರಿ ಓಡುವಾಗ ಅಡವ್ಯಾಗ ಹಡೆದಿದ್ಳು. ಹೊದಿಸಾಕ ಅರಿವಿ ಇಲ್ದ ಆ ಕೂಸು ಚಳಿಗೆ ಸತ್ತಿತ್ತು. "ಈ ಕೂಸಿಗೆ ತವರಿನ ಕೌದಿ ಮುಟ್ಟಿಸದಿದ್ರ ನಾ ತಾಯೇನು?" ಅಂತ ಬಾಳವ್ವ ಹೊಂಟೇ ಬಿಟ್ಳು. ಕೂಡಿಟ್ಟ ಹಳೆ ಅರಿವಿ ಎಲ್ಲಾ ಸುಟ್ಟಿದ್ದವು. ಉಳಿದದ್ದು ತುರುಬಿನಾಗ ಚುಚ್ಚಿದ ಸೂಜಿ, ಮೈಮ್ಯಾಲಿನ ಸೀರಿ. ಕೌದಿಗೆ ತಳ ಆಗಲಿ ಅಂತ ಸೀರಿ ಅರ್ಧ ಹರಿದು ಮಡಚಿದ್ಳು. ಮ್ಯಾಲೆ ತೇಪಿ ಹಚ್ಚೋದು ಬಾಕಿ.

ಹೋಗ್ತಾ ಹೋಗ್ತಾ ಒಂದು ಊರು ಬಂತು. ಸುಟ್ಟ ಮನಿ ಮುಂದ ಒಬ್ಬಾಕಿ ಬೂದೀಲೆ ರಂಗೋಲಿ ಹಾಕ್ತಿದ್ಳಂತ.

"ಅಯ್ಯ ತಂಗಿ, ಮನೀನ ಇಲ್ಲ, ರಂಗೋಲಿ ಯಾಕ?"

"ಮನಿ ಸುಟ್ಟೈತಿ ಯವ್ವಾ, ಬೆಳಗಾಗೋದು ನಿಂತಿಲ್ಲಲ್ಲ."

ಎಂಥ ಚಂದದ ರಂಗೋಲಿ ಅಂತೀರಿ! ಬಾಳವ್ವ ಕಣ್ತುಂಬ ನೋಡಿದ್ಳು. ಕೌದಿ ಸುದ್ದಿ ಕೇಳಿ ರಂಗೋಲಿಯಾಕಿ ಬೇಲಿಗೆ ಸಿಕ್ಕಿದ್ದ ಹಸರು ನಿಶಾನಿ ಚೂರು ಬಿಡಿಸಿ ಕೊಟ್ಳು. ಒಂದು ತೇಪಿ ಬಿತ್ತು.

ಹೋಗ್ತಾ ಹೋಗ್ತಾ ಇನ್ನೊಂದು ಊರು ಬಂತು. ಅಲ್ಲೊಬ್ಬಾಕಿ ಸಿಪಾಯಿ ಬಿಟ್ಟೋದ ಗುರಾಣಿ ಬೋರಲು ಹಾಕಿ ರೊಟ್ಟಿ ಸುಡ್ತಿದ್ಳಂತ. "ನನ್ನ ಹಂಚು ಒಡೆದೂ ಹೋದ್ರು, ಹಂಚು ಕೊಟ್ಟೂ ಹೋದ್ರು" ಅಂತ ನಕ್ಳು. ಒಂದು ರೊಟ್ಟಿ ಕೊಟ್ಳು, ಕುದುರಿ ಜೀನದ ಕೆಂಪು ಅರಿವಿ ಕೊಟ್ಳು. ಇನ್ನೊಂದು ತೇಪಿ ಬಿತ್ತು.

ಬಾಳವ್ವ ಅರ್ಧ ರೊಟ್ಟಿ ತಿಂದು ಅರ್ಧ ಸೆರಗಿಗೆ ಕಟ್ಟಿದ್ಳು. ಕೌದಿ ಕಡೀ ಮೂಲಿ ಮುಚ್ಚೋ ಮುಂದ ಒಳಗ ಚೂರು ರೊಟ್ಟಿ ಇಡೋದು ಪದ್ಧತಿ. ಕೌದಿ ಹಸಿದಿದ್ರ ಹೊದ್ದ ಕೂಸೂ ಹಸಿದಿರ್ತೈತಂತ.

ಹೊಳಿ ದಂಡಿಗೆ ಕೆಂಪು ರಾಜನ ಸಿಪಾಯಿ ಈಟಿ ಅಡ್ಡ ಹಿಡಿದ.

"ಏ ಮುದುಕಿ, ಕೌದ್ಯಾಗ ಹಸರು ಐತಿ! ವೈರಿ ಬಣ್ಣ! ಒಗಿ ಹೊಳಿಗೆ!"

ಬಾಳವ್ವ ಕೌದಿ ಎದಿಗೆ ಅವಚಿಕೊಂಡ್ಳು. ಕೈ ಬಿಡಲಿಲ್ಲ. "ಹಸಿದ ಕೌದಿ ಒಗೀಬಾರದಪ್ಪಾ. ತಡಿ, ಅದರ ಹೊಟ್ಟಿ ತುಂಬಿಸ್ತೀನಿ" ಅಂತ ಸೆರಗು ಬಿಚ್ಚಿದ್ಳು.

ರೊಟ್ಟಿ ನೋಡಿ ಸಿಪಾಯಿ ಉಗುಳು ನುಂಗಿದ. ರಾಜ ಈಟಿ ಕೊಟ್ಟಿದ್ದ, ಬುತ್ತಿ ಕೊಟ್ಟಿರಲಿಲ್ಲ. ಬಾಳವ್ವ ರೊಟ್ಟಿ ಅವನ ಮುಂದ ಹಿಡಿದ್ಳು. "ತಗೋ ಮಗನ, ಮದಲು ನೀ ತಿನ್ನು" ಅಂದ್ಳು.

ಅವ ಗಬಗಬ ತಿಂದ. ಕಡೀ ತುತ್ತಿಗೆ ಕೈ ನಿಂತಿತು. "ನಮ್ಮವ್ವನೂ ಹಿಂಗ ಮೂಲ್ಯಾಗ ರೊಟ್ಟಿ ಇಟ್ಟು ಹೊಲೀತಿದ್ಳು" ಅಂತ ಕಣ್ಣೀರು ತಂದ. ಆ ತುತ್ತನ್ನ ತಾನೇ ಮೂಲ್ಯಾಗ ಇಟ್ಟ. ಮುಚ್ಚಾಕ ತೇಪಿ ಇರಲಿಲ್ಲ, ತನ್ನ ತಲಿಗೆ ಸುತ್ತಿದ ರುಮಾಲಿನ ಚುಂಗು ಹರಿದು ಕೊಟ್ಟ. ಆಕಿ ಹೊಲಿದು ಮುಗಿಸಿದ ಮ್ಯಾಲೆ ತೆಪ್ಪದಾಗ ಕೂಡಿಸಿ ಆಚೆ ದಂಡಿ ಮುಟ್ಟಿಸಿದ.

ಬಾಳವ್ವ ಹೊಸ್ತಿಲು ದಾಟೋದ್ರಾಗ ಕೂಸು ಹುಟ್ಟಿ ಚಳಿಗೆ ಚೀರ್ತಿತ್ತು. ಕೌದಿ ಹೊದಿಸಿದ್ಳು. ಮೈ ಬೆಚ್ಚಗಾಗಿ ಕೂಸು ನಿದ್ದಿ ಹೋತು.

ನಿಂಬೆವ್ವ ತೇಪಿ ಸವರಿದ್ಳು. "ಇವೆಲ್ಲಾ ಯಾರ ಅರಿವಿ ಯವ್ವಾ?"

"ದಾರ್ಯಾಗಿನ ಮಂದೀದು ಮಗಳ. ಈ ಮೂಲಿ ಮಾತ್ರ ಕೂಸಿನ ಸೋದರಮಾವಂದು."

"ಅಯ್ಯ, ನನಗ ಅಣ್ಣತಮ್ಮ ಎಲ್ಲಿದ್ದಾರ?"

"ಒಬ್ಬ ಅದಾನ, ಹೊಳಿ ದಂಡ್ಯಾಗ ಈಟಿ ಹಿಡ್ಕೊಂಡು ನಿಂತಾನ. ಹೆಸರಿಡೋ ದಿನ ಕರಿಬೇಕು."

ಅವರು ಆ ಕೌದ್ಯಾಗ ಬೆಚ್ಚಗದಾರ, ನಾವು ಈ ಕಥ್ಯಾಗ ಬೆಚ್ಚಗದೀವಿ.