ಕಮ್ಮಾರ ದಡದಲ್ಲಿ ಕೂತದ್ದು

“ಗುರುಗಳೇ, ಮಠದಲ್ಲಿ ಹಾಡಲು ಸಂಬಳದ ಹಾಡುಗಾರನನ್ನು ಕರೆತಂದಿದ್ದೀರಿ. ಕೂಲಿಗೆ ಹಾಡುವವನಿಗೆ ಹಾಡಿನಲ್ಲಿ ಮನಸ್ಸಿರುತ್ತದೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಹಿಮದ ದೇಶದಲ್ಲಿ ಒಬ್ಬ ಮರದ ವ್ಯಾಪಾರಿ ಇದ್ದ. ಅಲ್ಲಿಯ ಚಳಿ ಎಂಥದು ಅಂತೀಯ, ಉಗುಳಿದರೆ ನೆಲಕ್ಕೆ ಬೀಳುವಾಗ ಟಣ್ ಎನ್ನುತ್ತಿತ್ತು. ಕೆರೆ ಕಲ್ಲಾಗುತ್ತಿತ್ತು. ಉಳ್ಳವರ ಮಕ್ಕಳು ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು, ಅದರ ಮೇಲೆ ಜಾರುತ್ತ, ಕೋಲಿನಿಂದ ಬಿಲ್ಲೆಯನ್ನು ಗೋಲಿಗೆ ಹೊಡೆಯುವ ಹಾಕಿ ಆಟ ಆಡುತ್ತಿದ್ದರು. ಆಟಕ್ಕೆ ಸಂಬಳವೆಂದರೆ ಅವರಿಗೆ ನಗೆ.

ವ್ಯಾಪಾರಿ ಏಳು ಕೆಲಸಗಾರರಿಗೆ ಸಂಬಳ ಕೊಟ್ಟು ತಂಡ ಕಟ್ಟಿದ. ಅಂಥ ತಂಡ ಅದೇ ಮೊದಲು. ಮುಖಂಡ ಒಬ್ಬ ಕಮ್ಮಾರ. ಅವನು ಹೊಡೆದ ಬಿಲ್ಲೆ ಒಮ್ಮೆ ಕೆರೆ ದಾಟಿ, ಗುಡ್ಡ ದಾಟಿ, ಪಕ್ಕದೂರಿನ ಗಂಟೆ ಬಾರಿಸಿತ್ತು. ಸುಳ್ಳಲ್ಲ. ಆದರೂ ಅವನೊಬ್ಬನಿಂದ ಏನಾದೀತು? ತಂಡ ಸೋಲುತ್ತಲೇ ಬಂತು. “ಕೂಲಿಗಳು ಬಂದರು, ದಾರಿ ಬಿಡಿ!” ಎಂದು ದಡದ ಜನ ಆಡಿಕೊಳ್ಳುತ್ತಿದ್ದರು.

“ಇವತ್ತೂ ಸೋತರೆ ನಿಮ್ಮ ದಾರಿ ನಿಮಗೆ” ಎಂದ ವ್ಯಾಪಾರಿ.

ಅಂದು ಆಟ ಸಮಸಮ ನಡೆದಿತ್ತು. ಆಗ ಎದುರಾಳಿಗಳ ಅತಿ ಚುರುಕಿನ ಆಟಗಾರ ಜಾರಿಬಿದ್ದು ಕೈ ಮುರಿದುಕೊಂಡ. ಆ ಕಾಲದಲ್ಲಿ ಬದಲಿ ಆಟಗಾರರಿಲ್ಲ. ಒಂದು ಕಡೆಯವನು ಪೆಟ್ಟು ತಿಂದು ಹೊರನಡೆದರೆ ಇನ್ನೊಂದು ಕಡೆಯವರೂ ಒಬ್ಬನನ್ನು ಹೊರಗೆ ಕೂರಿಸಬೇಕು. ಯಾರನ್ನು ಎಂಬುದು ಮುಖಂಡನ ಇಷ್ಟ.

“ಆ ಮಂದಗಾಲಿನ ಬಡಗಿಯನ್ನು ಕೂರಿಸೋ!” ಎಂದು ವ್ಯಾಪಾರಿ ಅರಚಿದ.

ಕಮ್ಮಾರ ತಾನೇ ದಡಕ್ಕೆ ಬಂದು ಕೂತ. “ಅವರಲ್ಲಿ ಹೋದವನು ಎಲ್ಲರಿಗಿಂತ ಒಳ್ಳೆಯವನು, ಧಣಿ. ನಮ್ಮಲ್ಲೂ ಅಂಥವನೇ ಹೋಗಬೇಕು. ಜಂಬವಲ್ಲ, ಅದು ನಾನೇ.”

“ಸಂಬಳ ಕೊಡುವವನು ನಾನು ಕಣೋ!”

“ಆಡುವುದಕ್ಕೆ ಕೊಟ್ಟಿರಿ, ಆಡಿದೆ. ಮೋಸಕ್ಕೆ ಕೊಟ್ಟಿಲ್ಲವಲ್ಲ.”

ಉಳಿದ ಆರು ಮಂದಿಯೂ ಹೊಟ್ಟೆಪಾಡಿನವರೇ. ಒಬ್ಬನೂ ಅವನಿಗೆ ಎದ್ದು ಬಾ ಎನ್ನಲಿಲ್ಲ. ಮೈ ಬೆವರಿ, ಬೆವರು ಅಲ್ಲೇ ಹೆಪ್ಪುಗಟ್ಟುವಂತೆ ಆಡಿದರು. ಒಂದೇ ಒಂದು ಗೋಲಿನಿಂದ ಸೋತರು.

ವ್ಯಾಪಾರಿ ಅವರನ್ನು ಓಡಿಸಲೆಂದೇ ಕೆರೆಗೆ ಇಳಿದ. ನೋಡುತ್ತಾನೆ, ಆಡಿಕೊಂಡ ಜನವೆಲ್ಲ ಆ ಚಳಿಯಲ್ಲಿ ಟೋಪಿ ತೆಗೆದು ನಿಂತಿದೆ. ಗೆದ್ದವರೂ ತೆಗೆದಿದ್ದಾರೆ. ಅವನ ಬಾಯಿಂದ ಬಂದದ್ದು ಇಷ್ಟೇ: “ಮುಂದಿನ ವಾರ ಬೇಗ ಬನ್ನಿ.”

ಶಿಷ್ಯ ಕೇಳಿದ: “ಆದರೂ ಸೋತರಲ್ಲ, ಗುರುಗಳೇ?”

“ಹೌದು ಮಗು. ಗೆದ್ದಿದ್ದರೆ ಆ ಗೆಲುವು ಧಣಿಯದಾಗುತ್ತಿತ್ತು. ಸೋಲು ಅವರ ಸ್ವಂತದ್ದು.”

ಶಿಷ್ಯ ಎದ್ದು ಹೋಗಿ ಹಾಡುಗಾರನಿಗೆ ಚಾಪೆ ಹಾಸಿದ.