ಬಿಸಿಲಿಗೆ ಬಿದ್ದ ಮಂಚ

ಮಧ್ಯಾಹ್ನ ಉಂಡು ಮಂಚ ಹತ್ತಿದರೆ ದೇಸಾಯರದು ಸಂಜೆಯವರೆಗೂ ಗೊರಕೆ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಎಚ್ಚರವಿಲ್ಲ. ಒಂದು ದಿನ ಹೊತ್ತೇರಿದ ಮೇಲೆ ಆಳು ಭರಮಪ್ಪನಿಗೆ ಅಪ್ಪಣೆಯಾಯಿತು:

"ನಾಳೆ ಕೋಳಿ ಕೂಗೂದ್ರೊಳಗ ನಾ ಎದ್ದಿರಬೇಕು. ನನ್ನ ಕರೀಬಾರದು, ಮುಟ್ಟಬಾರದು. ತಪ್ಪಿದರ ನಿನ್ನ ಚಾಕರಿ ಹೋತು!"

ಭರಮಪ್ಪ ತಲೆ ಕೆರೆದುಕೊಂಡ. ಆ ಮಧ್ಯಾಹ್ನ ದೇಸಾಯರು ಊಟಕ್ಕೆ ಕುಳಿತಾಗ ಅವರ ಮಂಚವನ್ನು ಅಂಗಳಕ್ಕೆಳೆದು, ತಗಣಿ ಸಾಯಲೆಂದು ಕುದಿಯುವ ನೀರು ಸುರಿದ. ಮಲಗಲು ಬಂದ ದೇಸಾಯರು ಒದ್ದೆ ಮಂಚ ನೋಡಿ ಬಾಯಿಗೆ ಬಂದಂತೆ ಬೈದರು. ಆಕಳಿಸುತ್ತಲೇ ಹೊತ್ತು ಕಳೆದು, ದೀಪ ಹಚ್ಚುವಷ್ಟರಲ್ಲಿ ಮಲಗಿಬಿಟ್ಟರು.

ಮರುದಿನ ಕೋಳಿಗಿಂತ ಮೊದಲೇ ಅವರಿಗೆ ಎಚ್ಚರವಾಯಿತು. ಹೊರಗೆ ಬಂದರೆ ಭರಮಪ್ಪ ಕಟ್ಟೆಯ ಮೇಲೆ ಮುಸುಕೆಳೆದು ಮಲಗಿದ್ದಾನೆ!

"ಏಳಲೇ! ನಾನೇ ಎದ್ದು ಬಂದೆ. ನೀ ಎಲ್ಲಿ ಎಬ್ಬಿಸಿದಿ?"

ಭರಮಪ್ಪ ಕಣ್ಣುಜ್ಜಿದ. "ನಿನ್ನೆ ಮಧ್ಯಾಹ್ನಾನೇ ಎಬ್ಬಿಸೀನಲ್ರಿ, ಧಣ್ಯಾರ."

ಅಂದು ಊಟಕ್ಕೆ ಕೂಡುವ ಮುಂಚೆ ದೇಸಾಯರು ಮಂಚವನ್ನು ತಾವೇ ಬಿಸಿಲಿಗೆ ಎಳೆದು ಹಾಕಿದರು.