ದಾಸವಾಳವನ್ನು ನೋಡಿದವಳು

ವಿಶ್ವವಿದ್ಯಾಲಯದ ಆನ್‌ಲೈನ್ ಪಾಠದ ಪುಟದಲ್ಲಿ ಒಂದು ದಾಸವಾಳದ ಚಿತ್ರವಿತ್ತು. ತನ್ನ ಕೆಂಪಿನ ಮೇಲೆ ಅದಕ್ಕೆ ಬಲು ಜಂಬ. ಒಂದು ದಿನ, ಕಣ್ಣು ಕಾಣದ ಮುಬೀನಾಳಿಗೆ ಪಾಠ ಓದಿ ಹೇಳುವ ಕಂಪ್ಯೂಟರಿನ ದನಿ ಅದರ ಮುಂದೆ ಬಂದು ನಿಂತಿತು.

“ತಾವು ಯಾರು?”

“ಕಾಣುವುದಿಲ್ಲವೇ?”

“ಇಲ್ಲ. ಬರೆದಿದ್ದನ್ನಷ್ಟೇ ಓದಬಲ್ಲೆ. ತಮ್ಮ ವಿವರದ ಜಾಗದಲ್ಲಿ ಕ್ಯಾಮೆರಾ ಕೊಟ್ಟ ನಂಬರು ಮಾತ್ರ ಇದೆ.”

ದನಿ ಆ ನಂಬರನ್ನೇ ಓದಿತು. ಮುಬೀನಾ ನಕ್ಕು, ಪಾಠ ಮಾಡಿದ ವಾರಿಜಾ ಮೇಡಂಗೆ ಫೋನು ಮಾಡಿದಳು. “ನಾಳೆ ಪರೀಕ್ಷೆಯಲ್ಲಿ ಹೂವಿನ ಬದಲು ನಂಬರು ಬರೆಯಲಾ ಮೇಡಂ?”

ಚಿತ್ರದ ಜಂಬ ಇಳಿದುಹೋಯಿತು.

“ಅಯ್ಯೋ, ಕಣ್ಣಿದ್ದವರಿಗಷ್ಟೇ ಪಾಠ ಮಾಡಿಬಿಟ್ಟೆನಲ್ಲಮ್ಮ!” ಎಂದು ಮೇಡಂ ಕೂಡಲೇ ಕೂತು ವಿವರ ಬರೆದರು: ಐದು ಕೆಂಪು ಎಸಳು, ನಡುವಿನಿಂದ ಹೊರಚಾಚಿದ ಉದ್ದನೆಯ ಕೊಳವೆ, ಅದರ ಮೇಲೆ ಹಳದಿ ಪರಾಗದ ಚುಕ್ಕಿಗಳು.

ದನಿ ಓದಿತು. ಮುಬೀನಾ ಎಡಗೈಯ ಬೆರಳುಗಳನ್ನು ಎಸಳಿನಂತೆ ಅರಳಿಸಿ, ಅಂಗೈ ನಡುವೆ ಬಲಗೈಯ ತೋರುಬೆರಳನ್ನು ನಿಲ್ಲಿಸಿ, “ಓ, ಹೀಗೆ!” ಎಂದಳು.

“ಈಗ ಸಂತೋಷವೇ?” ಎಂದು ಚಿತ್ರವನ್ನು ಕೇಳಿತು ದನಿ.

“ಕಣ್ಣಿದ್ದವರೆಲ್ಲ ನನ್ನನ್ನು ದಾಟಿಕೊಂಡು ಹೋದರು,” ಎಂದಿತು ಚಿತ್ರ. “ನಿಂತು ನೋಡಿದವಳು ಇವಳೊಬ್ಬಳೇ.”